ಪ್ಯಾಕ್ಲಿಟಾಕ್ಸೆಲ್ ಜೊತೆ ಡೆಕ್ಸಾ ಯಾಕೆ? ತೊಗಟೆಯ ಔಷಧದಿಂದ ಕಾರ್ಟಿಸಾಲ್ ರಿಸೆಪ್ಟರ್‌ವರೆಗೆ

ಲ್ಯಾಬ್‌ನವಳು

ಯೂ ಮರದ ತೊಗಟೆಯಿಂದ ಬಂದ ಕ್ಯಾನ್ಸರ್ ಔಷಧ ಪ್ಯಾಕ್ಲಿಟಾಕ್ಸೆಲ್‌ನ ವಯಲ್‌ನಲ್ಲಿ ಏನೇನಿದೆ ಅಂತ ಯಾವತ್ತಾದರೂ ನೋಡಿದ್ದೀರಾ? ಒಂದು ಎಂಎಲ್‌ನಲ್ಲಿ ಔಷಧ ಇರುವುದು 6 ಮಿಲಿಗ್ರಾಂ. ಕ್ರೆಮೊಫೋರ್ ಇಎಲ್ ಇರುವುದು 527 ಮಿಲಿಗ್ರಾಂ. ಜೊತೆಗೆ ಸುಮಾರು ಅರ್ಧದಷ್ಟು ಆಲ್ಕೋಹಾಲ್. ಮೈ ಅಳತೆ 1.6 ಚದರ ಮೀಟರ್ ಇರುವವರಿಗೆ ಚದರ ಮೀಟರಿಗೆ 175 ಮಿಲಿಗ್ರಾಂ ಲೆಕ್ಕದಲ್ಲಿ 280 ಮಿಲಿಗ್ರಾಂ ಕೊಡುತ್ತಾರೆ ಅಂದುಕೊಳ್ಳಿ. ಅವರ ರಕ್ತಕ್ಕೆ ಸೇರುವ ಕ್ರೆಮೊಫೋರ್ 24 ಗ್ರಾಂಗೂ ಜಾಸ್ತಿ! ಔಷಧಕ್ಕಿಂತ ಎಂಬತ್ತೇಳು ಪಟ್ಟು.

ಈ ಕ್ರೆಮೊಫೋರ್ ಅಂದರೆ ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಸೇರಿಸಿ ಮಾಡಿದ್ದು. ಪ್ಯಾಕ್ಲಿಟಾಕ್ಸೆಲ್ ನೀರಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಅದಕ್ಕೇ ಇದು ಬೇಕಾಯಿತು. ಆದರೆ ಕ್ರೆಮೊಫೋರ್ ಕೆಲವರಿಗೆ ಜೋರಾದ ಅಲರ್ಜಿ ತರುತ್ತದೆ. 1980ರ ದಶಕದ ಮೊದಲ ಟ್ರಯಲ್‌ಗಳು ಇದರಿಂದಲೇ ನಿಂತುಹೋಗುವ ಹಂತಕ್ಕೆ ಬಂದಿದ್ದವು. ಆಗ ಕಂಡುಕೊಂಡ ದಾರಿಗಳಲ್ಲಿ ಮುಖ್ಯವಾದದ್ದು ಡೆಕ್ಸಾಮೆಥಾಸೋನ್ (ಡೆಕ್ಸಾ) ಅನ್ನುವ ಸ್ಟೀರಾಯ್ಡ್. ಡ್ರಿಪ್‌ಗೆ 12 ಗಂಟೆ ಮುಂಚೆ 20 ಮಿಲಿಗ್ರಾಂ, 6 ಗಂಟೆ ಮುಂಚೆ ಮತ್ತೆ 20.

ಡೆಕ್ಸಾ ಏನು ಮಾಡುತ್ತದೆ? ನಮ್ಮ ದೇಹದ ಸ್ಟ್ರೆಸ್ ಹಾರ್ಮೋನ್ ಕಾರ್ಟಿಸಾಲ್ ಹೋಗಿ ಕೂರುವ ರಿಸೆಪ್ಟರ್‌ನಲ್ಲೇ ಹೋಗಿ ಕೂರುತ್ತದೆ. ಉರಿಯೂತ ತಗ್ಗಿಸುವುದರಲ್ಲಿ ಕಾರ್ಟಿಸಾಲ್‌ಗಿಂತ ಸುಮಾರು ಇಪ್ಪತ್ತೈದು ಪಟ್ಟು ಜೋರು. ಸ್ತನ ಕ್ಯಾನ್ಸರ್ ಜೀವಕೋಶಗಳಲ್ಲಿ ಈ ರಿಸೆಪ್ಟರ್ ಆನ್ ಆದರೆ ಎಸ್‌ಜಿಕೆ1, ಡಿಯುಎಸ್‌ಪಿ1 ಅನ್ನುವ ಜೀನ್‌ಗಳು ಏರುತ್ತವೆ, ಏರಿದ ಮೇಲೆ ಪ್ಯಾಕ್ಲಿಟಾಕ್ಸೆಲ್ ಹಾಕಿದರೂ ಜೀವಕೋಶ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಇದು ಲ್ಯಾಬ್‌ನಲ್ಲಿ ಚೆನ್ನಾಗಿ ಕಂಡಿರುವ ವಿಷಯ.

ಅಂದರೆ ಒಂದು ಅಣು ಕರಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ, ಗೆಡ್ಡೆಯನ್ನು ಕೊಲ್ಲುವ ದಿನವೇ ಅದಕ್ಕೆ "ಬದುಕಿಕೋ" ಅನ್ನುವ ಸಿಗ್ನಲ್ಲೂ ನಾವೇ ಕೊಡುತ್ತಿರಬಹುದು. ಕಾಲೇಜಿನಲ್ಲಿ ನನಗೆ ಪ್ರಕೃತಿಯಿಂದ ಬಂದ ಕ್ಯಾನ್ಸರ್ ಔಷಧಗಳನ್ನು ಒಂದು ಪಾಠದಲ್ಲಿ, ಸ್ಟೀರಾಯ್ಡ್‌ಗಳನ್ನು ಇನ್ನೊಂದು ಪಾಠದಲ್ಲಿ ಹೇಳಿಕೊಟ್ಟರು. ಎರಡೂ ಒಂದೇ ರೋಗಿಯ ಒಂದೇ ರಕ್ತನಾಳದೊಳಗೆ ಸೇರುತ್ತವೆ ಅಂತ ಯಾರೂ ಹೇಳಲಿಲ್ಲ. ಅದಕ್ಕೇ ಇಲ್ಲಿ ಶುರು ಮಾಡಿದೆ. ಗೊತ್ತಿರುವವರು ಸೇರಿಕೊಳ್ಳಿ, ತಪ್ಪಿದ್ದರೆ ತಿದ್ದಿ.

ಡೇಕೇರ್ ಸಿಸ್ಟರ್

ಮೇಡಂ, ನೀವು ಹೇಳಿದ ಆ ಹರಳೆಣ್ಣೆ ವಿಷಯ ನಾನು ದಿನಾ ಕಣ್ಣಾರೆ ನೋಡುತ್ತೇನೆ. ಪ್ಯಾಕ್ಲಿಟಾಕ್ಸೆಲ್‌ಗೆ ಮಾಮೂಲಿ ಪಿವಿಸಿ ಬ್ಯಾಗು, ಪಿವಿಸಿ ಟ್ಯೂಬು ಹಾಕುವಂತಿಲ್ಲ. ಕ್ರೆಮೊಫೋರ್ ಪ್ಲಾಸ್ಟಿಕ್‌ನೊಳಗಿನ ಮೆದುಗೊಳಿಸುವ ರಾಸಾಯನಿಕವನ್ನು ಎಳೆದುಕೊಂಡು ಬರುತ್ತದೆ. ಗಾಜಿನ ಬಾಟಲಿ ಇಲ್ಲವೇ ಪಿವಿಸಿ ಅಲ್ಲದ ಬ್ಯಾಗು ಬೇಕು. ಸೆಟ್‌ನಲ್ಲಿ 0.22 ಮೈಕ್ರಾನ್ ಫಿಲ್ಟರ್ ಇರಬೇಕು.

ಮೊದಲ ಡ್ರಿಪ್‌ನಲ್ಲಿ ಮೊದಲ ಹತ್ತು ನಿಮಿಷ ನಾನು ಮಂಚದ ಪಕ್ಕ ಬಿಟ್ಟು ಏಳುವುದಿಲ್ಲ. ಮುಖ ಕೆಂಪಗಾಗುತ್ತದಾ, ಎದೆ ಹಿಡಿದ ಹಾಗೆ ಆಗುತ್ತದಾ, ಸೊಂಟ ಇದ್ದಕ್ಕಿದ್ದಂತೆ ನೋಯುತ್ತದಾ, ಅಷ್ಟನ್ನೇ ನೋಡುತ್ತಾ ಕೂರುತ್ತೇನೆ. ಒಮ್ಮೆ ಒಬ್ಬರು ಅಮ್ಮ ಮಾತಾಡುತ್ತಾ ಆಡುತ್ತಾ ಮಧ್ಯದಲ್ಲಿ ಸುಮ್ಮನಾದರು. ಏನೂ ಹೇಳಲಿಲ್ಲ, ಸೆರಗು ಹಿಡಿದುಕೊಂಡರು ಅಷ್ಟೇ. ತಕ್ಷಣ ಡ್ರಿಪ್ ನಿಲ್ಲಿಸಿದೆ. ಆಮೇಲೆ ಕೇಳಿದರೆ ರಾತ್ರಿಯ ಮಾತ್ರೆ ತಗೊಂಡಿರಲಿಲ್ಲ.

ಅದಕ್ಕೇ ಒಂದು ಮಾತು. ಡೆಕ್ಸಾ ಬಗ್ಗೆ ಬರೆಯುವಾಗ ದಯವಿಟ್ಟು ಜೋಪಾನ. ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟರೆ ಕಷ್ಟ.

ಲ್ಯಾಬ್‌ನವಳು

ಸಿಸ್ಟರ್, ನೂರಕ್ಕೆ ನೂರು ನಿಜ. ಮೇಲೇ ಬರೆಯಬೇಕಿತ್ತು, ಈಗ ಬರೆಯುತ್ತೇನೆ: ಡ್ರಿಪ್‌ಗೆ ಮುಂಚೆ ಕೊಟ್ಟ ಡೆಕ್ಸಾವನ್ನು ಯಾರೂ ತಾವಾಗೇ ಬಿಡಬೇಡಿ. ಅಲರ್ಜಿ ಆದರೆ ಅವತ್ತೇ ಜೀವಕ್ಕೆ ಅಪಾಯ. ನಾನು ಮಾತಾಡುತ್ತಿರುವುದು ಮುಂದಿನ ಔಷಧವನ್ನು ಹೇಗೆ ಮಾಡಬೇಕು ಅನ್ನುವುದರ ಬಗ್ಗೆ.

ಎಂಎಸ್ಸಿ ಎರಡನೇ ವರ್ಷ

ಅಕ್ಕಾ, ಒಂದು ದಡ್ಡ ಪ್ರಶ್ನೆ. ಕರಗುವುದಿಲ್ಲ ಅಂದರೆ ಆ ಅಣುವಿಗೇ ಒಂದು ಅಮೈನೋ, ಇಲ್ಲವೇ ಫಾಸ್ಫೇಟ್ ಅಂಟಿಸಿ ಕರಗುವ ಹಾಗೆ ಮಾಡಬಹುದಿತ್ತಲ್ಲ? ಯಾಕೆ ಎಣ್ಣೆ ಸಹವಾಸ?

ಲ್ಯಾಬ್‌ನವಳು

ದಡ್ಡ ಪ್ರಶ್ನೆ ಅಲ್ಲ ಪುಟ್ಟಾ, ಇದೇ ಮುಖ್ಯ ಪ್ರಶ್ನೆ.

ಪ್ಯಾಕ್ಲಿಟಾಕ್ಸೆಲ್ ಅಣುತೂಕ 854ರ ಹತ್ತಿರ. ಹನ್ನೊಂದು ಕೈರಲ್ ಸೆಂಟರ್, ಅಂದರೆ ಎಡ-ಬಲ ತಪ್ಪದೆ ಜೋಡಿಸಬೇಕಾದ ಕಾರ್ಬನ್‌ಗಳು. ಅದು ಟ್ಯುಬುಲಿನ್ ಅನ್ನುವ ಪ್ರೋಟೀನ್‌ನ ಒಂದು ಜಿಡ್ಡಿನ ಗುಂಡಿಯೊಳಗೆ ಕೂತು ಮೈಕ್ರೋಟ್ಯುಬ್ಯೂಲ್ (ಜೀವಕೋಶ ಎರಡಾಗಲು ಬೇಕಾದ ಕೊಳವೆ) ಬಿಚ್ಚಿಕೊಳ್ಳದ ಹಾಗೆ ಬಿಗಿದು ಹಿಡಿಯುತ್ತದೆ. ಇದನ್ನು ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. ಅಲ್ಲಿಯವರೆಗೆ ಈ ಥರ ಕೆಲಸ ಮಾಡುವ ಔಷಧ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಕಾರ್ಬನ್ (ಸಿ-2) ಮೇಲಿನ ಬೆಂಜೋಯೇಟ್ ಗುಂಪು ಬೇಕೇ ಬೇಕು. ಸಿ-13ರ ಸೈಡ್ ಚೈನ್ ಬೇಕೇ ಬೇಕು, ಅದರ ಮೇಲಿನ ಹೈಡ್ರಾಕ್ಸಿಲ್ ಕೂಡ. ಆ ಸೈಡ್ ಚೈನ್ ಬೀಳಿಸಿದರೆ ಉಳಿಯುವ ಬ್ಯಾಕಾಟಿನ್ ಕೆಲಸಕ್ಕೆ ಬಾರದು. ಕೈ ಹಾಕಲು ಜಾಗ ಇರುವುದು ಸಿ-7, ಸಿ-10ರ ಕಡೆ ಮಾತ್ರ. ಕರಗುವ ಪ್ರೋಡ್ರಗ್, ಅಂದರೆ ದೇಹದೊಳಗೆ ಹೋಗಿ ಔಷಧವಾಗುವ ರೂಪ, ಬಹಳ ಜನ ಮಾಡಿ ನೋಡಿದ್ದಾರೆ. ಅಂಟಿಸಿದ ಗುಂಪು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಬಿಚ್ಚಿಕೊಳ್ಳಬೇಕು. ಬೇಗ ಬಿಚ್ಚಿದರೆ ಮತ್ತೆ ಗಷ್ಟು ಕಟ್ಟುತ್ತದೆ, ತಡವಾದರೆ ಸುಮ್ನೆ ಮೂತ್ರದಲ್ಲಿ ಹೋಗುತ್ತದೆ.

ಆಗಿನ ಕಾಲಕ್ಕೆ ಇನ್ನೊಂದು ತಾಪತ್ರಯ: ಔಷಧವೇ ಸಿಗುತ್ತಿರಲಿಲ್ಲ. ಪೆಸಿಫಿಕ್ ಯೂ ಮರದ ತೊಗಟೆಯ ಮೊದಲ ಸ್ಯಾಂಪಲ್ ತಂದಿದ್ದು 1962ರಲ್ಲಿ. ಮನ್ರೋ ವಾಲ್ ಮತ್ತು ಮನಸುಖ್ ವಾಣಿ ರಚನೆ ಪ್ರಕಟಿಸಿದ್ದು 1971ರಲ್ಲಿ. ಒಂದು ಕೆಜಿ ಔಷಧಕ್ಕೆ ಸುಮಾರು 10,000 ಕೆಜಿ ತೊಗಟೆ ಬೇಕಿತ್ತು. ತೊಗಟೆ ಸುಲಿದರೆ ಮರ ಸಾಯುತ್ತದೆ, ಅದೂ ಬಹಳ ನಿಧಾನಕ್ಕೆ ಬೆಳೆಯುವ ಮರ. ಮಿಲಿಗ್ರಾಂ ಲೆಕ್ಕದಲ್ಲಿ ಕೈಗೆ ಸಿಗುವ ವಸ್ತುವನ್ನು ಇಟ್ಟುಕೊಂಡು ಎಷ್ಟು ಅನಲಾಗ್ (ಸ್ವಲ್ಪ ಬದಲಿಸಿದ ಅಣು) ಮಾಡಲಿಕ್ಕೆ ಆಗುತ್ತದೆ ಹೇಳು?

ದಾರಿ ತೆರೆದದ್ದು ಎಲೆ. ಯೂರೋಪಿನ ಯೂ ಗಿಡದ ಎಲೆಯಲ್ಲಿ 10-ಡಿಎಬಿ ಅನ್ನುವ ಕಚ್ಚಾ ಅಣು ಧಾರಾಳವಾಗಿ ಸಿಗುತ್ತದೆ. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಮರ ಉಳಿಯುತ್ತದೆ. ಫ್ರಾನ್ಸ್‌ನ ಪಿಯೆರ್ ಪೋಟಿಯೆ ಗುಂಪು ಅದಕ್ಕೆ ಸೈಡ್ ಚೈನ್ ಜೋಡಿಸಿತು, ಅದರ ತಮ್ಮನಂಥ ಔಷಧ ಡೋಸಿಟಾಕ್ಸೆಲ್ ಕೂಡ ಅಲ್ಲಿಂದಲೇ ಬಂತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ 10-ಡಿಎಬಿ ಮೇಲೆ ಈ ರಿಯಾಕ್ಷನ್ ಮಾಡಿದ್ದೆ. ಸಿ-7ರ ಹೈಡ್ರಾಕ್ಸಿಲ್ ಮೊದಲು ಮುಚ್ಚಬೇಕು, ಅದೇ ಮೊದಲು ಹೊಡೆಸಿಕೊಳ್ಳುವುದು. ಸಿ-13 ಮಾತ್ರ ಅಣುವಿನ ಬಟ್ಟಲಿನಂಥ ಒಳಭಾಗದಲ್ಲಿ ಅಡಗಿ ಕೂತಿರುತ್ತದೆ. ರಿಯಾಕ್ಷನ್ ಎಲ್ಲಿಗೆ ಬಂತು ಅಂತ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ಲ್ಯಾಂಪ್ ಕೆಳಗೆ ಹಿಡಿದು ಹಿಡಿದು ನೋಡಿದ್ದೆ, ಹಳೆಯ ಚುಕ್ಕಿ ಹಾಗೇ ಇತ್ತು. ಮಧ್ಯಾಹ್ನದ ಮೇಲೆ ಅದರ ನೆತ್ತಿಯಲ್ಲಿ ಒಂದು ತೆಳು ಚುಕ್ಕಿ ಕಂಡಿತು. ಆ ಖುಷಿ ಇನ್ನೂ ನೆನಪಿದೆ.

ಕೊನೆಗೆ ಎಣ್ಣೆ ಬಿಡಿಸಿದ್ದು ಅಣು ಬದಲಾಯಿಸಿ ಅಲ್ಲ. ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಜೊತೆ ಸೇರಿಸಿ ನ್ಯಾನೋ ಕಣ ಮಾಡಿದರು. ನ್ಯಾಬ್-ಪ್ಯಾಕ್ಲಿಟಾಕ್ಸೆಲ್, 2005ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿತು. ಅದಕ್ಕೆ ಸಾಮಾನ್ಯವಾಗಿ ಮುಂಚೆ ಸ್ಟೀರಾಯ್ಡ್ ಬೇಕಿಲ್ಲ.

ಅಮ್ಮನ ಮಗ

ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ನಮ್ಮಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಎರಡು ಸೈಕಲ್ ಪ್ಯಾಕ್ಲಿಟಾಕ್ಸೆಲ್ ಆಗಿದೆ. ಬೆಳಗ್ಗೆ ಒಂಬತ್ತಕ್ಕೆ ಡ್ರಿಪ್ ಅಂದರೆ ರಾತ್ರಿ ಒಂಬತ್ತಕ್ಕೆ ಐದು ಮಾತ್ರೆ, ಮತ್ತೆ ಬೆಳಗಿನ ಜಾವ ಮೂರಕ್ಕೆ ಅಲಾರಂ ಇಟ್ಟು ಎಬ್ಬಿಸಿ ಇನ್ನೈದು. ನಾನೇ ಕೊಡುವುದು. ಆ ರಾತ್ರಿ ಮತ್ತು ಮುಂದಿನ ಎರಡು ರಾತ್ರಿ ಅವರು ಕಣ್ಣು ಮುಚ್ಚುವುದಿಲ್ಲ. ಕತ್ತಲಲ್ಲಿ ಎದ್ದು ಬೀರು ಜೋಡಿಸುತ್ತಾ ಇರುತ್ತಾರೆ.

ನೇರವಾಗಿ ಕೇಳುತ್ತೇನೆ. ನಾನು ಕೊಡುತ್ತಿರುವ ಮಾತ್ರೆ ಅಮ್ಮನ ಗೆಡ್ಡೆಯನ್ನು ಕಾಪಾಡುತ್ತಿದೆಯಾ?

ಫಾರ್ಮಸಿ ಕೌಂಟರ್

ಇಲ್ಲ ಅಂತ ನಿಮಗೆ ಧೈರ್ಯ ಹೇಳುವಷ್ಟು ಆಧಾರ ಇದೆ, ಕೇಳಿ. ಪ್ಯಾಕ್ಲಿಟಾಕ್ಸೆಲ್‌ಗೆ ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿದ್ದು 1992ರ ಡಿಸೆಂಬರ್‌ನಲ್ಲಿ. ಅವತ್ತಿನಿಂದ ಕ್ರೆಮೊಫೋರ್ ಇರುವ ಈ ಔಷಧ ರೋಗಿಗಳಿಗೆ ಕೊಟ್ಟ ಲಾಭ ಬಹುಪಾಲು ಡೆಕ್ಸಾ ಜೊತೆಗೇ ಬಂದದ್ದು. ಅಂದರೆ ಡೆಕ್ಸಾ ಇದ್ದೂ ಔಷಧ ಕೆಲಸ ಮಾಡಿದೆ. ಲ್ಯಾಬ್ ಮೇಡಂ ಹೇಳುತ್ತಿರುವುದು, ಇಲ್ಲದಿದ್ದರೆ ಇನ್ನೂ ಸ್ವಲ್ಪ ಚೆನ್ನಾಗಿ ಮಾಡುತ್ತಿತ್ತೇನೋ ಅನ್ನುವ ಪ್ರಶ್ನೆ. ಎರಡೂ ಬೇರೆ ಬೇರೆ.

ಇನ್ನೊಂದು ಗೊತ್ತಿರಲಿ. ಇದೇ ರಿಸೆಪ್ಟರ್ ಲಿಂಫ್ ಜೀವಕೋಶಗಳಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಮಕ್ಕಳ ರಕ್ತ ಕ್ಯಾನ್ಸರ್ ಆದ ಎಎಲ್‌ಎಲ್‌ನಲ್ಲಿ ಸ್ಟೀರಾಯ್ಡ್ ಜೊತೆಗಾರ ಅಲ್ಲ, ಅದೇ ಕ್ಯಾನ್ಸರ್ ಔಷಧ. ನಿತ್ಯಪುಷ್ಪ ಗಿಡದ ವಿನ್‌ಕ್ರಿಸ್ಟಿನ್ ಜೊತೆ ಪ್ರೆಡ್ನಿಸೋನ್ ಕೊಟ್ಟರೆ ಎರಡೂ ಸೇರಿ ಕೊಲ್ಲುತ್ತವೆ. ಅದಕ್ಕೆ "ಸ್ಟೀರಾಯ್ಡ್ ಕೆಟ್ಟದ್ದು" ಅಂತ ಒಂದೇ ಮಾತಲ್ಲಿ ಮುಗಿಸಲಿಕ್ಕೆ ಬರುವುದಿಲ್ಲ.

ನಿದ್ದೆ ವಿಷಯ ಮಾತ್ರ ಡಾಕ್ಟರ್ ಹತ್ತಿರ ಹೇಳಿ. ಮಾತ್ರೆ ಬದಲು ಡ್ರಿಪ್‌ಗೆ ಅರ್ಧ ಗಂಟೆ ಮುಂಚೆ ಒಂದೇ ಸಲ ನರಕ್ಕೆ ಡೆಕ್ಸಾ ಕೊಡುವ ಕ್ರಮವೂ ಇದೆ. ನಿಮ್ಮಮ್ಮನಿಗೆ ಹೊಂದುತ್ತದಾ ಅಂತ ಅವರೇ ನೋಡಬೇಕು.

ಲೆಕ್ಕದವನು

ನಾನು ಕ್ಲಿನಿಕಲ್ ಟ್ರಯಲ್‌ಗಳ ಅಂಕಿಅಂಶ ನೋಡುವವನು. ಮುಂದೆ ಯಾರಾದರೂ ರೆಲಾಕೋರಿಲಾಂಟ್ ಹೆಸರು ತಂದೇ ತರುತ್ತಾರೆ, ನಾನೇ ತರುತ್ತೇನೆ. ಕಾರ್ಟಿಸಾಲ್ ರಿಸೆಪ್ಟರ್ ಮುಚ್ಚುವ ಔಷಧ ಇದು. ರೋಸೆಲ್ಲಾ ಅನ್ನುವ ಮೂರನೇ ಹಂತದ ಟ್ರಯಲ್‌ನ ಫಲಿತಾಂಶ 2025ರಲ್ಲಿ ಬಂತು. ಪ್ಲಾಟಿನಂ ಔಷಧಕ್ಕೆ ಬಗ್ಗದ ಅಂಡಾಶಯ ಕ್ಯಾನ್ಸರ್‌ನ 381 ಮಹಿಳೆಯರು. ಅರ್ಧದಷ್ಟು ಜನಕ್ಕೆ ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಮಾತ್ರ, ಉಳಿದವರಿಗೆ ಅದರ ಜೊತೆ ರೆಲಾಕೋರಿಲಾಂಟ್. ಕಾಯಿಲೆ ಮುಂದುವರಿಯದೆ ಇದ್ದ ಕಾಲ 5.52 ತಿಂಗಳಿಂದ 6.54ಕ್ಕೆ ಹೋಯಿತು. ಬದುಕಿದ ಕಾಲ, ಮಧ್ಯಂತರ ಲೆಕ್ಕದಲ್ಲಿ, 11.50 ತಿಂಗಳಿಂದ 15.97ಕ್ಕೆ.

ಈಗ ನನ್ನ ತಕರಾರು ಮೂರು. ಒಂದು, ಯಾರಿಗೆ ಏನು ಕೊಡುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿದ್ದ ಟ್ರಯಲ್ ಅದು. ಎರಡು, ರೆಲಾಕೋರಿಲಾಂಟ್ ಲಿವರ್‌ನ ಸಿವೈಪಿ3ಎ ಕಿಣ್ವವನ್ನು ತಡೆಯುತ್ತದೆ. ಪ್ಯಾಕ್ಲಿಟಾಕ್ಸೆಲ್ ಒಡೆಯುವ ದಾರಿಗಳಲ್ಲಿ ಅದೂ ಒಂದು. ಹಾಗಾದರೆ ಲಾಭ ಬಂದದ್ದು ರಿಸೆಪ್ಟರ್ ಮುಚ್ಚಿದ್ದರಿಂದಲೋ, ರಕ್ತದಲ್ಲಿ ಪ್ಯಾಕ್ಲಿಟಾಕ್ಸೆಲ್ ಜಾಸ್ತಿ ಹೊತ್ತು ಉಳಿದಿದ್ದರಿಂದಲೋ? ಮೂರನೆಯದು ಲ್ಯಾಬ್ ಮೇಡಂಗೆ ನೇರವಾಗಿ: ಆ ಟ್ರಯಲ್‌ನಲ್ಲಿ ಕೊಟ್ಟದ್ದು ನ್ಯಾಬ್. ಅದಕ್ಕೆ ಡೆಕ್ಸಾ ಬೇಕಿರಲಿಲ್ಲ. ಅಲ್ಲಿ ಮುಚ್ಚಿದ್ದು ದೇಹದ ಸ್ವಂತ ಕಾರ್ಟಿಸಾಲ್‌ನ ಪ್ರಭಾವವನ್ನು. ಡ್ರಿಪ್ ಹಿಂದಿನ ರಾತ್ರಿಯ ಡೆಕ್ಸಾ ಕೆಡುಕು ಮಾಡುತ್ತದೆ ಅನ್ನುವ ನಿಮ್ಮ ವಾದಕ್ಕೆ ಇದು ಸಾಕ್ಷಿ ಆಗುವುದಿಲ್ಲ.

ಲ್ಯಾಬ್‌ನವಳು

ಮೂರನೆಯದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಮೊದಲ ಬರಹದಲ್ಲಿ ಲ್ಯಾಬ್‌ನಲ್ಲಿ ಕಂಡದ್ದರಿಂದ ಮಂಚದ ಪಕ್ಕಕ್ಕೆ ನೇರ ಹಾರಿಬಿಟ್ಟಿದ್ದೆ. ಅಮ್ಮನ ಮಗ ಅವರೇ, ನಿಮಗೆ ಭಯ ಆಗಿದ್ದಕ್ಕೆ ನನ್ನ ಆ ಸಾಲು ಕಾರಣ. ಕ್ಷಮಿಸಿ.

ಎರಡನೆಯದಕ್ಕೆ ಉತ್ತರ ಇದೆ. ಅದು ಮುಂಚೆಯೇ ಗೊತ್ತಿದ್ದರಿಂದ ರೆಲಾಕೋರಿಲಾಂಟ್ ಗುಂಪಿಗೆ ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಡೋಸ್ ಚದರ ಮೀಟರಿಗೆ 100 ಮಿಲಿಗ್ರಾಂ ಬದಲು 80ಕ್ಕೆ ಇಳಿಸಿದ್ದರು. ಅಷ್ಟರಿಂದ ನಿಮ್ಮ ಅನುಮಾನ ಪೂರ್ತಿ ಹೋಗುವುದಿಲ್ಲ ಅಂತ ಗೊತ್ತು. ಆದರೆ ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿದ್ದಾರೆ.

ನನಗೆ ಆ ಅಣುವಿನ ಹಿಂದಿನ ಕೆಲಸ ಬಹಳ ಇಷ್ಟ, ಅದನ್ನು ಹೇಳಲೇಬೇಕು. 1980ರಲ್ಲಿ ಫ್ರಾನ್ಸ್‌ನ ರೂಸೆಲ್ ಯುಕ್ಲಾಫ್ ಕಂಪನಿಯಲ್ಲಿ ಕಾರ್ಟಿಸಾಲ್ ರಿಸೆಪ್ಟರ್ ಮುಚ್ಚುವ ಸ್ಟೀರಾಯ್ಡ್ ಹುಡುಕುತ್ತಿದ್ದರು. ಸಿಕ್ಕಿದ್ದು ಮಿಫೆಪ್ರಿಸ್ಟೋನ್. ಸ್ಟೀರಾಯ್ಡ್‌ನ ಸಿ-11ರ ಮೇಲೆ ಒಂದು ದೊಡ್ಡ ಡೈಮೀಥೈಲ್‌ಅಮೈನೋಫಿನೈಲ್ ಗುಂಪು ನಿಲ್ಲಿಸಿದರು. ರಿಸೆಪ್ಟರ್‌ಗೆ ಬಾಗಿಲಿನ ಹಾಗೆ ಒಂದು ತುಂಡು ಇದೆ, ಹೆಲಿಕ್ಸ್ 12 ಅಂತಾರೆ. ಕಾರ್ಟಿಸಾಲ್ ಒಳಗೆ ಕೂತರೆ ಬಾಗಿಲು ಸರಿಯಾಗಿ ಮುಚ್ಚಿಕೊಂಡು ಜೀನ್ ಆನ್ ಆಗುತ್ತದೆ. ಮಿಫೆಪ್ರಿಸ್ಟೋನ್ ಕೂತರೆ ಆ ಗುಂಪು ಅಡ್ಡ ಬಂದು ಬಾಗಿಲು ಕೂರುವುದಿಲ್ಲ.

ತೊಂದರೆ ಏನೆಂದರೆ ಅದು ಪ್ರೊಜೆಸ್ಟರಾನ್ ರಿಸೆಪ್ಟರನ್ನೂ ಅಷ್ಟೇ ಗಟ್ಟಿಯಾಗಿ ಹಿಡಿಯಿತು. ಲೋಕಕ್ಕೆ ಅದು ಗರ್ಭಪಾತದ ಮಾತ್ರೆ ಅಂತ ಪರಿಚಯ ಆದದ್ದು ಅದರಿಂದಲೇ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯವರ ಸಕ್ಕರೆ ಏರಿಕೆಗೆ 2012ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಗರ್ಭಕೋಶದ ಒಳಪದರ ದಪ್ಪ ಆಗುವ ತೊಂದರೆ ಜೊತೆಗೇ ಬಂತು. ರೆಲಾಕೋರಿಲಾಂಟ್ ಸ್ಟೀರಾಯ್ಡೇ ಅಲ್ಲ. ಸ್ಟೀರಾಯ್ಡ್‌ನ ಎ-ರಿಂಗ್ ಇದ್ದ ಕಡೆ ಫ್ಲೋರೋಫಿನೈಲ್ ಪೈರಜೋಲ್ ಇಟ್ಟಿದ್ದಾರೆ. ಪ್ರೊಜೆಸ್ಟರಾನ್ ರಿಸೆಪ್ಟರನ್ನು ಅದು ಮುಟ್ಟುವುದಿಲ್ಲ. ಅಕ್ಕಪಕ್ಕದ ಎರಡು ಬೀಗ ಒಂದೇ ಥರ ಇದ್ದಾಗ ಒಂದನ್ನೇ ಕಚ್ಚುವ ಕೀಲಿ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಲೆಕ್ಕದವನು

ಡೋಸ್ ಇಳಿಸಿದ್ದು ಸರಿ, ಒಪ್ಪಿದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲೂ ಇದೇ ಕಥೆ ಚೆಂದ ಇತ್ತು. ಎಂಜಲುಟಮೈಡ್ ಅನ್ನುವ ಗಂಡು ಹಾರ್ಮೋನ್ ತಡೆಯುವ ಔಷಧಕ್ಕೆ ಬಗ್ಗದ ಗೆಡ್ಡೆಯಲ್ಲಿ ಕಾರ್ಟಿಸಾಲ್ ರಿಸೆಪ್ಟರ್ ಹಿಂಬಾಗಿಲಿಂದ ಬಂದು ಕೆಲಸ ವಹಿಸಿಕೊಳ್ಳುತ್ತದೆ ಅಂತ 2013ರಲ್ಲಿ ತೋರಿಸಿದ್ದರು. ಆಮೇಲೆ ಎಂಜಲುಟಮೈಡ್ ಜೊತೆ ಮಿಫೆಪ್ರಿಸ್ಟೋನ್ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಕಥೆ ಚೆನ್ನಾಗಿದ್ದಷ್ಟೂ ನಾನು ಜಾಸ್ತಿ ಹುಷಾರಾಗಿರುತ್ತೇನೆ.

ಎಂಎಸ್ಸಿ ಎರಡನೇ ವರ್ಷ

ರಿಸೆಪ್ಟರ್ ಮುಚ್ಚುವ ಬದಲು ಕಾರ್ಟಿಸಾಲ್ ಬರುವುದನ್ನೇ ಮೇಲಿನಿಂದ ನಿಲ್ಲಿಸಬಹುದಲ್ಲ ಅಕ್ಕಾ? ಕಾರ್ಟಿಸಾಲ್‌ಗೆ ಚಾಲನೆ ಕೊಡುವ ಮೆದುಳಿನ ಸಿಆರ್‌ಎಫ್ ಹಾರ್ಮೋನ್ ತಡೆದರೆ?

ಲ್ಯಾಬ್‌ನವಳು

ಸಿಆರ್‌ಎಫ್ ಕಥೆ ಓದಿದರೆ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. 41 ಅಮೈನೋ ಆಮ್ಲದ ಹಾರ್ಮೋನ್, ವೈಲಿ ವೇಲ್ ತಂಡ 1981ರಲ್ಲಿ ಬಿಡಿಸಿಟ್ಟಿತು. ಸ್ಟ್ರೆಸ್ ಸರಪಳಿಯ ಮೊದಲ ಕೊಂಡಿ ಸಿಕ್ಕಿತಲ್ಲ, ಇನ್ನು ಖಿನ್ನತೆ, ಆತಂಕಕ್ಕೆ ಔಷಧ ಗ್ಯಾರಂಟಿ ಅಂತ ಎಷ್ಟೋ ಕಂಪನಿಗಳು ಇಳಿದವು. ಅದನ್ನು ತಡೆಯಲಿಕ್ಕೆ ಹೆಚ್ಚಿನವರು ಮಾಡಿದ ಅಣುಗಳ ಮೈಕಟ್ಟು ಒಂದೇ. ನಡುವೆ ನೈಟ್ರೋಜನ್ ಇರುವ ಚಪ್ಪಟೆ ರಿಂಗ್. ಒಂದು ಕಡೆ ಅದಕ್ಕೆ ಅಡ್ಡಡ್ಡ ತಿರುಗಿ ನಿಂತ ಇನ್ನೊಂದು ರಿಂಗ್. ತಿರುಗಿಯೇ ನಿಲ್ಲಲಿ ಅಂತ ಆರ್ಥೋ ಜಾಗದಲ್ಲಿ ಮೀಥೈಲ್ ಇಟ್ಟಿರುತ್ತಾರೆ. ಇನ್ನೊಂದು ಕಡೆ ಜಿಡ್ಡಿನ ಆಲ್ಕೈಲ್ ಅಮೈನೋ. 2013ರಲ್ಲಿ ಕ್ರಿಸ್ಟಲ್ ರಚನೆ ಬಂದಾಗ ಗೊತ್ತಾಯಿತು, ಈ ಅಣುಗಳು ಹಾರ್ಮೋನ್ ಕೂರುವ ಜಾಗದಲ್ಲಿ ಕೂರುವುದೇ ಇಲ್ಲ. ಬಹಳ ಕೆಳಗೆ, ಪೊರೆಯೊಳಗೆ ಹುದುಗಿ ಕೂತು ರಿಸೆಪ್ಟರನ್ನು ಅಲ್ಲಾಡದ ಹಾಗೆ ಹಿಡಿಯುತ್ತವೆ.

ಜಿಡ್ಡಿಲ್ಲದೆ ಪೊರೆಯೊಳಗೆ ಹೋಗುವುದಿಲ್ಲ. ಜಿಡ್ಡು ಜಾಸ್ತಿ ಆದರೆ ನೀರಲ್ಲಿ ಕರಗುವುದಿಲ್ಲ, ಲಿವರ್‌ಗೂ ಭಾರ. ನೋಡಿದೆಯಾ, ಪ್ಯಾಕ್ಲಿಟಾಕ್ಸೆಲ್ ಗೋಳೇ ಇನ್ನೊಂದು ವೇಷದಲ್ಲಿ. ಖಿನ್ನತೆ, ಆತಂಕದ ಟ್ರಯಲ್‌ಗಳು ಒಂದಾದ ಮೇಲೊಂದು ಸೋತವು. ಗೆದ್ದಿದ್ದು ಬೇರೆ ಕಡೆ: ಕ್ರಿನೆಸರ್ಫಾಂಟ್, 2024ರ ಡಿಸೆಂಬರ್‌ನಲ್ಲಿ, ಹುಟ್ಟಿನಿಂದ ಕಾರ್ಟಿಸಾಲ್ ಮಾಡಲಾಗದ ಸಿಎಎಚ್ ಕಾಯಿಲೆಗೆ. ಅಲ್ಲಿ ಸಿಆರ್‌ಎಫ್ ತಡೆದರೆ ಆಂಡ್ರೋಜನ್ (ಗಂಡು ಹಾರ್ಮೋನ್) ಇಳಿಯುತ್ತದೆ, ಸ್ಟೀರಾಯ್ಡ್ ಡೋಸನ್ನೂ ಇಳಿಸಬಹುದು. ನಲವತ್ತಮೂರು ವರ್ಷ ಹಿಡಿಯಿತು.

ಅಂದ ಹಾಗೆ ಸ್ಟೀರಾಯ್ಡ್‌ಗಳೂ ಗಿಡದಿಂದಲೇ ಬೆಳೆದವು. ಮೆಕ್ಸಿಕೋದ ಕಾಡುಗೆಣಸಿನ ಡಯೋಸ್ಜೆನಿನ್‌ನಿಂದ ರಸೆಲ್ ಮಾರ್ಕರ್ ಪ್ರೊಜೆಸ್ಟರಾನ್ ಮಾಡಿದರು. ಅದರ ಸಿ-11ಕ್ಕೆ ಆಕ್ಸಿಜನ್ ಸೇರಿಸಲಿಕ್ಕೆ ಕೆಮಿಸ್ಟ್‌ಗಳು ಒದ್ದಾಡುತ್ತಿದ್ದಾಗ ರೈಜೋಪಸ್ ಅನ್ನುವ ಬೂಷ್ಟು ಒಂದೇ ಹೆಜ್ಜೆಯಲ್ಲಿ ಆ ಕೆಲಸ ಮಾಡಿಕೊಟ್ಟಿತು. ಕಾರ್ಟಿಸೋನ್ ದೊಡ್ಡ ಪ್ರಮಾಣದಲ್ಲಿ ಸಿಗುವಂತಾಗಿದ್ದು ಹಾಗೆ.

ಅಮ್ಮನ ಮಗ

ಎಲ್ಲರಿಗೂ ಥ್ಯಾಂಕ್ಸ್, ಈಗ ಸ್ವಲ್ಪ ಉಸಿರು ಬಂತು. ಇನ್ನೊಂದೇ ಪ್ರಶ್ನೆ. ನೆಂಟರೊಬ್ಬರು ಕರ್ಕ್ಯುಮಿನ್ ಮಾತ್ರೆ, ಮತ್ತೊಬ್ಬರು ಟೆನ್ಷನ್ ಕಮ್ಮಿ ಆಗಲಿ ಅಂತ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡದ ಮಾತ್ರೆ ಕಳಿಸಿದ್ದಾರೆ. ನೈಸರ್ಗಿಕ ತಾನೇ, ಕೊಡಬಹುದಾ?

ಫಾರ್ಮಸಿ ಕೌಂಟರ್

ಎರಡನೆಯದನ್ನು ಬಾಕ್ಸ್ ಸಮೇತ ಬದಿಗಿಡಿ. ಅದರಲ್ಲಿರುವ ಹೈಪರ್‌ಫೋರಿನ್ ಲಿವರ್‌ನ ಸಿವೈಪಿ3ಎ4 ಕಿಣ್ವವನ್ನು ಜಾಸ್ತಿ ಮಾಡುತ್ತದೆ, ಔಷಧಗಳು ಬೇಗ ಒಡೆದು ಹೋಗುತ್ತವೆ. ಇರಿನೋಟೆಕಾನ್ ಅನ್ನುವ ಕ್ಯಾನ್ಸರ್ ಔಷಧ ತಗೊಳ್ಳುತ್ತಿದ್ದ ರೋಗಿಗಳಿಗೆ ಇದನ್ನು ಕೊಟ್ಟು ಅಳೆದಾಗ ಅದು ದೇಹದಲ್ಲಿ ಬದಲಾಗಿ ಆಗುವ, ಕ್ಯಾನ್ಸರ್ ಕೊಲ್ಲುವ ಎಸ್‌ಎನ್-38ರ ಮಟ್ಟ 42% ಇಳಿದಿತ್ತು. ಇರಿನೋಟೆಕಾನ್ ಕೂಡ ಗಿಡದ ಕ್ಯಾಂಪ್ಟೋಥೆಸಿನ್‌ನಿಂದ ಬಂದದ್ದೇ. ನೈಸರ್ಗಿಕ ಅಂದ ಮಾತ್ರಕ್ಕೆ ಒಂದಕ್ಕೊಂದು ಹೊಂದಿಕೊಂಡು ಹೋಗುವುದಿಲ್ಲ.

ಕರ್ಕ್ಯುಮಿನ್ ಬಗ್ಗೆ ಮೇಡಂ ಹೇಳಲಿ.

ಲ್ಯಾಬ್‌ನವಳು

ಕರ್ಕ್ಯುಮಿನ್ ನೋಡಲಿಕ್ಕೆ ಚೆಂದ, ಕೈಗೆ ಸಿಗುವುದಿಲ್ಲ. ರಕ್ತದ ಪಿಎಚ್‌ಗೆ ಹತ್ತಿರದ ಬಫರ್‌ನಲ್ಲಿ, 37 ಡಿಗ್ರಿಯಲ್ಲಿ, ಅರ್ಧ ಗಂಟೆಯೊಳಗೆ ಸುಮಾರು 90% ಒಡೆದುಹೋಗುತ್ತದೆ. ಕರುಳಿನಿಂದ ರಕ್ತಕ್ಕೆ ಹೋಗುವುದು ಬಹಳ ಕಮ್ಮಿ. ಜೊತೆಗೆ ಸಿಕ್ಕ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುತ್ತದೆ, ಬೆಳಕು ಸೂಸುತ್ತದೆ, ಲೋಹ ಹಿಡಿಯುತ್ತದೆ. ಹೀಗಾಗಿ ಯಾವ ಟೆಸ್ಟ್ ಮಾಡಿದರೂ "ಕೆಲಸ ಮಾಡಿತು" ಅಂತ ಸುಳ್ಳು ಉತ್ತರ ಬರುತ್ತದೆ. ಮೂರು ತಿಂಗಳು ನಾನೇ ಅಂಥ ಒಂದು ಸುಳ್ಳು ಉತ್ತರದ ಹಿಂದೆ ಹೋಗಿದ್ದೆ. ಹಣ ಕೊಟ್ಟು ಮಾತ್ರೆ ತಗೊಳ್ಳಬೇಡಿ, ಡಾಕ್ಟರ್‌ಗೆ ಹೇಳದೆ ಅಂತೂ ಬೇಡವೇ ಬೇಡ.

ಕ್ಯಾಂಪ್ಟೋಥೆಸಿನ್ ಹೆಸರು ಬಂತಲ್ಲ, ಎಂಎಸ್ಸಿ ಪುಟ್ಟನಿಗೆ ಒಂದು. ಇದನ್ನೂ ವಾಲ್ ಮತ್ತು ವಾಣಿಯೇ 1966ರಲ್ಲಿ ಬೇರ್ಪಡಿಸಿದ್ದು. ಕರಗುವುದಿಲ್ಲ ಅಂತ ಅದರ ಲ್ಯಾಕ್ಟೋನ್ ರಿಂಗ್ ತೆರೆದು ಸೋಡಿಯಂ ಉಪ್ಪು ಮಾಡಿ 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟರು. ಆದರೆ ಕೆಲಸ ಮಾಡುವುದು ಮುಚ್ಚಿದ ರಿಂಗೇ! ಲಾಭ ಕಾಣಲಿಲ್ಲ, ಮೂತ್ರಕೋಶದಲ್ಲಿ ರಕ್ತ ಬಂತು, ಟ್ರಯಲ್ ನಿಂತಿತು. ಲ್ಯಾಬ್‌ನಲ್ಲಿ ಮಾಡಿ ನೋಡು: ಅಣುವನ್ನು ಪಿಎಚ್ 7.4ರ ಬಫರ್‌ಗೆ ಹಾಕಿ ಹತ್ತತ್ತು ನಿಮಿಷಕ್ಕೆ ಎಚ್‌ಪಿಎಲ್‌ಸಿಗೆ (ಬೆರಕೆಯನ್ನು ಬೇರ್ಪಡಿಸಿ ತೋರಿಸುವ ಯಂತ್ರಕ್ಕೆ) ಹಾಕು. ಒಂದು ಪೀಕ್ ಇಳಿಯುತ್ತಾ ಇರುತ್ತದೆ, ಮುಂಚೆ ಬರುವ ಇನ್ನೊಂದು ಏಳುತ್ತಾ ಇರುತ್ತದೆ. ಮನುಷ್ಯರ ಅಲ್ಬುಮಿನ್ ಆ ತೆರೆದ ರೂಪವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಇಲಿಯ ಅಲ್ಬುಮಿನ್ ಅಷ್ಟು ಹಿಡಿಯುವುದಿಲ್ಲ. ಅದಕ್ಕೇ ಇಲಿಯಲ್ಲಿ ಕಂಡಷ್ಟು ಗುಣ ಮನುಷ್ಯರಲ್ಲಿ ಕಾಣಲಿಲ್ಲ. ಅಮೆರಿಕದಲ್ಲಿ ಇರಿನೋಟೆಕಾನ್, ಟೋಪೋಟೆಕಾನ್‌ಗೆ ಒಪ್ಪಿಗೆ ಸಿಗುವ ಹೊತ್ತಿಗೆ 1996 ಆಯಿತು.

ಅಮ್ಮನ ಮಗ

ಮೂರನೇ ಸೈಕಲ್ ಮುಗಿಯಿತು. ಡಾಕ್ಟರ್ ಹತ್ತಿರ ನಿದ್ದೆ ವಿಷಯ ಹೇಳಿದೆ. ಹಿಂದಿನ ಎರಡು ಸಲ ಅಲರ್ಜಿ ಆಗಿಲ್ಲ ಅಂತ ನೋಡಿ, ಈ ಸಲ ಮಾತ್ರೆ ಬೇಡ, ಡ್ರಿಪ್‌ಗೆ ಮುಂಚೆ ನರಕ್ಕೇ ಕೊಡೋಣ ಅಂದರು. ಮೂರು ಗಂಟೆಯ ಅಲಾರಂ ಇಡಲಿಲ್ಲ. ಅಲ್ಲಿನ ಸಿಸ್ಟರ್ ಗಾಜಿನ ಬಾಟಲಿ ತಂದು ನೇತುಹಾಕಿದಾಗ ಇದು ಯಾಕೆ ಗಾಜು ಅಂತ ನಾನೇ ಅಮ್ಮನಿಗೆ ಹೇಳಿದೆ. ಅವರೂ ಹತ್ತು ನಿಮಿಷ ಪಕ್ಕದಲ್ಲೇ ಕೂತಿದ್ದರು. ಹಿಂದಿನ ರಾತ್ರಿ ಅಮ್ಮ ಪೂರ್ತಿ ಮಲಗಿದ್ದರು. ಅವತ್ತು ರಾತ್ರಿ ಮಾತ್ರ ಒಂದು ಗಂಟೆಗೆ ಎದ್ದು ಕೂತರು, ಬೀರು ತೆಗೆಯಲಿಲ್ಲ.